ಮಗನ ಎಲುಬು ಕೂಡಿತು, ವಹಿ ತುಂಬಿತು

ಸೋಮವಾರ ನನ್ನ ಮಗ ಮೂರು ತಿಂಗಳ ಮೇಲೆ ಶಾಲೆಗೆ ಹೋದ. ನಡೆದುಕೊಂಡೇ ಹೋದ. ಚೀಲದಲ್ಲಿ ಒಂದು ವಹಿ ಇತ್ತು. ಅದರ ತುಂಬ ಡೈನೋಸಾರ್‌ಗಳು, ಎಲ್ಲ ಕನ್ನಡದಲ್ಲಿ. ಆ ವಹಿ ತುಂಬಿಸಿದವರು ವಿಜಯಪುರದ ನಮ್ಮ ಓಣಿಯವರು, ಬಂಧುಗಳು, ಅವನ ಶಾಲೆಯವರು. ನಿಮಗೆಲ್ಲ ಮನಸ್ಸಿನಿಂದ ಧನ್ಯವಾದ ಹೇಳಬೇಕು.

ಹುಣಸೆ ಮರದಿಂದ ಬಿದ್ದು ಅವನ ತೊಡೆ ಎಲುಬು ಮುರಿದಿತ್ತು. ಸೊಂಟದಿಂದ ಕೆಳಗೆ ಪ್ಲಾಸ್ಟರ್. ಒಂಬತ್ತು ವರ್ಷದ ಹುಡುಗ ಹಾಸಿಗೆ ಬಿಟ್ಟು ಏಳುವಂತಿಲ್ಲ. ಮೊದಲ ವಾರ ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ.

ಆಗ ವಿಜ್ಞಾನದ ಅಕ್ಕೋರು ಮನೆಗೆ ಬಂದು ಬರಾಪಾಸಾರಸ್ ಬಗ್ಗೆ ಹೇಳಿದರು. ಗೋದಾವರಿ ಕಣಿವೆಯಲ್ಲಿ ಸಿಕ್ಕ ಡೈನೋಸಾರ್ ಅದು. ಬಂಗಾಳಿಯಲ್ಲಿ ಬರಾ ಪಾ ಅಂದರೆ ದೊಡ್ಡ ಕಾಲು. ಅದರ ತೊಡೆ ಎಲುಬೇ ಒಂದು ಆಳೆತ್ತರ. ಅಗೆದು ತೆಗೆದದ್ದು 1961ರ ಸುಮಾರಿಗೆ, ರವೀಂದ್ರನಾಥ ಟಾಗೋರರ ನೂರನೇ ಹುಟ್ಟುಹಬ್ಬದ ಹೊತ್ತಿನಲ್ಲಿ. ಹಾಗಾಗಿ 1975ರಲ್ಲಿ ಹೆಸರಿಡುವಾಗ ಟಾಗೋರಿ ಅಂತ ಸೇರಿಸಿದರು. "ಅಷ್ಟ ದೊಡ್ಡ ಎಲುಬು ಮುರಿದರ ಕೂಡ್ತಿತ್ತೇನ್ರೀ ಅಕ್ಕೋರೆ?" ಅಂತ ಕೇಳಿದ. ಕೂಡುತ್ತಿತ್ತು, ಮುರಿದು ಕೂಡಿದ ಡೈನೋಸಾರ್ ಎಲುಬುಗಳೂ ಸಿಕ್ಕಿವೆ ಅಂದರು ಅವರು. ನಾನು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

ಅಲ್ಲಿಂದ ದಿನಾ ಒಂದು ಪ್ರಶ್ನೆ, ಒಂದು ಪುಟ. ಓಣಿಯಲ್ಲಿ ಸುದ್ದಿ ಹಬ್ಬಿತು. ಕಾಲೇಜಿಗೆ ಹೋಗುವ ಹುಡುಗಿಯರು ಇಂಗ್ಲಿಷಿನಲ್ಲಿ ಓದಿ ಬಂದು ಇವನಿಗೆ ಕನ್ನಡದಲ್ಲಿ ಹೇಳುತ್ತಿದ್ದರು. ತಪ್ಪಾದಾಗ ಅಕ್ಕೋರು ತಿದ್ದಿದರು. ಹಾರುವ ಟೆರೋಸಾರ್‌ಗಳನ್ನು ಇವನು ಡೈನೋಸಾರ್ ಪಟ್ಟಿಗೆ ಸೇರಿಸಿದ್ದ. ಅವು ಬೇರೆ ಗುಂಪು, ನಿಜವಾದ ಡೈನೋಸಾರ್ ವಂಶ ಇವತ್ತಿನ ಹಕ್ಕಿಗಳು ಅಂತ ಹೇಳಿದರು. ಮರುದಿನ ಪಕ್ಕದ ಮನೆ ಕಾಕು ತಮ್ಮ ಕೋಳಿಯನ್ನೇ ಎತ್ತಿಕೊಂಡು ಬಂದು ಅದರ ಕಾಲು ತೋರಿಸಿದರು. ಆ ಪುಟದಲ್ಲಿ ಕೋಳಿ ಹೆಜ್ಜೆಯ ಗುರುತು ಈಗಲೂ ಇದೆ.

ನನಗೆ ಜಾಸ್ತಿ ಇಷ್ಟವಾದ ಪುಟ ನಮ್ಮ ಮಾವನವರದು. ಸಿಂದಗಿ ಕಡೆ ಹೊಲದಲ್ಲಿ ಬಾವಿ ತೋಡಿಸಿದಾಗ ಕರಿಕಲ್ಲಿನ ಕೆಳಗೆ ಮತ್ತೆ ಕರಿಕಲ್ಲು, ನಡುವೆ ಕೆಂಪು ಮಣ್ಣಿನ ಪದರ ಕಂಡಿದ್ದನ್ನು ಅವರು ಹೇಳಿದರು. ಆ ಒಂದೊಂದು ಪದರ ಕಲ್ಲೂ ಒಮ್ಮೆ ಕುದಿಯುವ ಲಾವಾ ಆಗಿತ್ತು. ಸುಮಾರು 6 ಕೋಟಿ 60 ಲಕ್ಷ ವರ್ಷದ ಹಿಂದೆ, ಡೈನೋಸಾರ್‌ಗಳ ಕೊನೆಗಾಲದಲ್ಲೇ ಅದು ಹರಿದದ್ದು. ಅವು ಅಳಿದದ್ದಕ್ಕೆ ಮುಖ್ಯ ಕಾರಣ ಮೆಕ್ಸಿಕೋದಲ್ಲಿ ಬಿದ್ದ ಆಕಾಶದ ಬಂಡೆ. ಈ ಲಾವಾದ ಪಾಲು ಎಷ್ಟು ಅಂತ ವಿಜ್ಞಾನಿಗಳು ಇನ್ನೂ ವಾದ ಮಾಡುತ್ತಿದ್ದಾರೆ. ನಮ್ಮ ಎರಿ ಹೊಲ ಆ ಕಲ್ಲು ಸವೆದು ಮಣ್ಣಾಗಿ ಆದದ್ದು. ಗೋಳಗುಮ್ಮಟದ ಗೋಡೆಯೂ ಅದೇ ಕರಿಕಲ್ಲು. ಈ ಊರಲ್ಲೇ ಹುಟ್ಟಿ ಬೆಳೆದ ನನಗೆ ಇದು ಗೊತ್ತಿರಲಿಲ್ಲ.

ಝೆರಾಕ್ಸ್ ಅಂಗಡಿಯ ಕಾಕಾ ಇಡೀ ವಹಿಯ ಪ್ರತಿ ತೆಗೆದು, ಹೊಲಿಸಿ, ಶಾಲೆಗೆ ಕೊಟ್ಟರು. ರೊಕ್ಕ ತೆಗೆದುಕೊಳ್ಳಲಿಲ್ಲ. ಅದನ್ನು ಈಗ ಮಕ್ಕಳೂ ಓದುತ್ತಿದ್ದಾರೆ, ಕರೆಯಲು ಬರುವ ಅಜ್ಜಂದಿರೂ ಓದುತ್ತಿದ್ದಾರೆ.

ಇನ್ನು ನಮ್ಮ ಅತ್ತೆ. ಅವರಿಗೆ ಓದು ಬಾರದು. ಮೂರು ತಿಂಗಳೂ ಅವನ ಹಾಸಿಗೆ ಪಕ್ಕದಲ್ಲೇ ಮಲಗಿದರು, ಬರೆದದ್ದನ್ನೆಲ್ಲ ಓದಿಸಿ ಕೇಳಿದರು. ಮಧ್ಯಪ್ರದೇಶದ ಧಾರ್ ಜಿಲ್ಲೆಯಲ್ಲಿ 92 ಗೂಡು, 256 ಮೊಟ್ಟೆ ಸಿಕ್ಕ ಸಂಗತಿ ಓದಿದಾಗ, "ತಮ್ಮಾ, ಅಷ್ಟ ದೊಡ್ಡ ತಾಯಿ ಕಾವು ಕುಂತರ ತತ್ತಿ ಒಡೆಯಂಗಿಲ್ಲೇನು?" ಅಂದರು. ಅವು ಕಾವು ಕೂರುತ್ತಿರಲಿಲ್ಲ, ಮಣ್ಣಲ್ಲಿ ಮೊಟ್ಟೆ ಹೂತು ಹೊರಟು ಹೋಗುತ್ತಿದ್ದವು ಅಂತ ಅಂದಾಜು ಇದೆ ಅಂತ ಅವನು ಓದಿ ಹೇಳಿದ. ಅತ್ತೆ ಸ್ವಲ್ಪ ಹೊತ್ತು ಸುಮ್ನಿದ್ದರು. ಆಮೇಲೆ, "ಪಾಪ, ಕೂಸುಗಳ ಬಾಜೂಕ ಯಾರೂ ಇರಲಿಲ್ಲಲ್ಲೋ" ಅಂದು ಅವನ ಹೊದಿಕೆ ಸರಿಮಾಡಿದರು.