ಚೆಂಡು ಕೈಯಲ್ಲಿ ಇಲ್ಲದಾಗ ನೋಡು: ಮಗಳಿಗೊಂದು ಪತ್ರ

ಮೈಸೂರು,
ಜೂನ್ 27

ಪ್ರೀತಿಯ ಮಗಳಿಗೆ,

ಅಮ್ಮನ ಆಶೀರ್ವಾದಗಳು. ನಾವಿಬ್ಬರೂ ಇಲ್ಲಿ ಕ್ಷೇಮವಾಗಿದ್ದೇವೆ. ಭಾನುವಾರ ಫೋನಿನಲ್ಲಿ ನೀನು ಕೇಳಿದ ಪ್ರಶ್ನೆಗೆ ಎರಡು ಮಾತಿನಲ್ಲಿ ಉತ್ತರ ಹೇಳಿ ಮುಗಿಸಲು ನನಗೆ ಮನಸ್ಸಾಗಲಿಲ್ಲ. ಮುಂದಿನ ತಿಂಗಳು ಲಾಸ್ ವೇಗಸ್‌ನಲ್ಲಿ ನಡೆಯುವ, ಎನ್‌ಬಿಎ ಎಂಬ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್‌ನ ತಂಡಗಳು ಹೊಸ ಹುಡುಗರನ್ನು ಆಡಿಸಿ ನೋಡುವ ಸಮ್ಮರ್ ಲೀಗ್‌ನಲ್ಲಿ ಆಟಗಾರರನ್ನು ನೋಡಿ ವರದಿ ಬರೆಯುವವರ ಜೊತೆಗೆ ನಿನ್ನನ್ನೂ ಕಳುಹಿಸುತ್ತಿದ್ದಾರೆ ಎಂಬುದು ನಮ್ಮ ಮನೆಗೆ ಹಬ್ಬದಂಥ ಸುದ್ದಿ. ಆದರೆ ಅದನ್ನು ಹೇಳಿದ ಬೆನ್ನಿಗೇ ನೀನು, "ಮೂವತ್ತು ತಂಡ, ಒಂದೊಂದರಲ್ಲೂ ಹತ್ತು ಹದಿನೈದು ಹುಡುಗರು, ಎಲ್ಲರೂ ಚೆನ್ನಾಗಿಯೇ ಆಡುತ್ತಾರೆ, ನಾನು ಏನನ್ನು ನೋಡಲಿ ಅಮ್ಮ?" ಎಂದೆಯಲ್ಲ, ಆ ದನಿಯಲ್ಲಿದ್ದ ಅಂಜಿಕೆಯನ್ನು ನಾನು ಬಲ್ಲೆ. ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕಿಯಾಗಿ ಪ್ರತಿ ವರ್ಷ ವಿಶ್ವವಿದ್ಯಾಲಯ ತಂಡದ ಆಯ್ಕೆಗೆ ಕೂರುವಾಗ ನನಗೂ ಅದೇ ಅಂಜಿಕೆ ಇರುತ್ತಿತ್ತು.

ಮೊದಲು ಖಾಲಿ ಇರುವ ಕುರ್ಚಿಗಳನ್ನು ಎಣಿಸು. ಎನ್‌ಬಿಎ ತಂಡವೊಂದು ಋತು ನಡೆಯುವಾಗ 15 ಮಂದಿಗೆ ಪೂರ್ಣ ಕರಾರು ಕೊಡಬಹುದು. ಅದರ ಜೊತೆಗೆ 3 ಟೂ-ವೇ ಕರಾರುಗಳಿವೆ. 2017ರಲ್ಲಿ ಈ ಪದ್ಧತಿ ಶುರುವಾದಾಗ ಅವು ಎರಡೇ ಇದ್ದವು, 2023ರಿಂದ ಮೂರಾದವು. ಟೂ-ವೇ ಹುಡುಗ ಒಂದಷ್ಟು ಕಾಲ ಎನ್‌ಬಿಎಯ ಕೆಳಗಿನ ಹಂತದ ಜಿ ಲೀಗ್‌ನಲ್ಲಿ ಆಡುತ್ತಾನೆ, ದೊಡ್ಡ ತಂಡದ ಜೊತೆ 50 ಪಂದ್ಯಗಳಿಗಿಂತ ಹೆಚ್ಚು ಕಣಕ್ಕಿಳಿಯುವಂತಿಲ್ಲ, ಕರಾರು ಬದಲಾಗದ ಹೊರತು ಋತುವಿನ ಕೊನೆಯ ಪ್ಲೇಆಫ್ ಸುತ್ತಿನಲ್ಲಿ ಆಡುವಂತಿಲ್ಲ, ಸಂಬಳವೂ ಹೊಸ ಆಟಗಾರನ ಕನಿಷ್ಠ ಸಂಬಳದ ಅರ್ಧ. ಜುಲೈ ಹೊತ್ತಿಗೆ ಹೆಚ್ಚಿನ ತಂಡಗಳಲ್ಲಿ ಹದಿಮೂರು ಹದಿನಾಲ್ಕು ಕುರ್ಚಿಗಳು ತುಂಬಿರುತ್ತವೆ. ಹಾಗಾಗಿ ಡ್ರಾಫ್ಟ್‌ನ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ವಾರ್ಷಿಕ ಆಯ್ಕೆಯ, ಮೊದಲ ಸುತ್ತಿನಲ್ಲಿ ಹೆಸರು ಕರೆಸಿಕೊಂಡವರನ್ನು ಬಿಟ್ಟರೆ, ನೀನು ನೋಡಲಿರುವ ಹುಡುಗರಲ್ಲಿ ಹೆಚ್ಚಿನವರು ಪೈಪೋಟಿ ನಡೆಸುವುದು ತಂಡದ ಕೊನೆಯ ಒಂದೆರಡು ಜಾಗಗಳಿಗೆ ಮತ್ತು ಆ ಟೂ-ವೇ ಕರಾರುಗಳಿಗೆ. ಇದನ್ನು ಮನಸ್ಸಿನಲ್ಲಿ ಗಟ್ಟಿಯಾಗಿ ಇಟ್ಟುಕೊಂಡರೆ ನಿನ್ನ ಕಣ್ಣು ತಾನಾಗಿಯೇ ಬೇರೆ ಕಡೆಗೆ ತಿರುಗುತ್ತದೆ.

ಏಕೆಂದರೆ ಕೊನೆಯ ಕುರ್ಚಿಯಲ್ಲಿ ಕೂರುವವನ ಕೈಗೆ ತಂಡ ಚೆಂಡನ್ನು ಕೊಡುವುದಿಲ್ಲ. ಚೆಂಡು ಹಿಡಿದು ಆಟ ಕಟ್ಟುವವರು ಆಗಲೇ ಅಲ್ಲಿದ್ದಾರೆ. ಇವನಿಗೆ ಸಿಗುವುದು ಎಂಟು ಹತ್ತು ನಿಮಿಷ. ಅಷ್ಟರಲ್ಲಿ ಮೂಲೆಯಲ್ಲಿ ನಿಂತು ಕಾಯಬೇಕು, ಚೆಂಡು ಬಂದರೆ ತಡಮಾಡದೆ ಎಸೆಯಬೇಕು ಇಲ್ಲವೇ ದಾಟಿಸಬೇಕು, ಎದುರಾಳಿಯ ಒಳ್ಳೆಯ ಆಟಗಾರನ ಹಿಂದೆ ಬಿಡದೆ ಓಡಬೇಕು, ತಪ್ಪು ಮಾಡಬಾರದು. ಸಮ್ಮರ್ ಲೀಗ್‌ನಲ್ಲಿ ಇಡೀ ಪಂದ್ಯ ಚೆಂಡನ್ನು ತಾನೇ ಹಿಡಿದು 25 ಅಂಕ ಗಳಿಸುವ ಹುಡುಗ, ಯಾರೂ ತನಗೆ ಕೊಡದ ಕೆಲಸವನ್ನು ಎಷ್ಟು ಚೆನ್ನಾಗಿ ಮಾಡಬಲ್ಲೆ ಎಂದು ತೋರಿಸುತ್ತಿರಬಹುದು. ಅವನು ಕೆಟ್ಟ ಆಟಗಾರ ಎಂದು ನಾನು ಹೇಳುತ್ತಿಲ್ಲ. ಅವನ ಕೈಯಿಂದ ಚೆಂಡನ್ನು ತೆಗೆದುಬಿಟ್ಟರೆ ಅವನಲ್ಲಿ ಏನು ಉಳಿಯುತ್ತದೆ ಎಂಬ ಪ್ರಶ್ನೆಗೆ ಆ 25 ಅಂಕಗಳು ಉತ್ತರ ಕೊಡುವುದಿಲ್ಲ ಎನ್ನುತ್ತಿದ್ದೇನೆ.

2012ರಲ್ಲಿ ಅದೇ ವೇಗಸ್ ಲೀಗ್‌ನ ಶ್ರೇಷ್ಠ ಆಟಗಾರ ಪ್ರಶಸ್ತಿಯನ್ನು ಇಬ್ಬರಿಗೆ ಹಂಚಿದ್ದರು. ಒಬ್ಬರು ಡೇಮಿಯನ್ ಲಿಲ್ಲಾರ್ಡ್, ಇನ್ನೊಬ್ಬರು ಜಾಶ್ ಸೆಲ್ಬಿ. ಲಿಲ್ಲಾರ್ಡ್ ಮರುವರ್ಷ ಲೀಗ್‌ನ ಅತ್ಯುತ್ತಮ ಹೊಸ ಆಟಗಾರ ಎನಿಸಿಕೊಂಡರು. ಸೆಲ್ಬಿ ಅದೇ ಮರುವರ್ಷ ಎನ್‌ಬಿಎಯಿಂದ ಹೊರಬಿದ್ದರು. 2014ರಲ್ಲಿ ಆ ಪ್ರಶಸ್ತಿ ಪಡೆದ ಗ್ಲೆನ್ ರೈಸ್ ಜೂನಿಯರ್ ಅವರನ್ನು ಅವರ ತಂಡ ಮುಂದಿನ ಜನವರಿಯಲ್ಲಿಯೇ ಬಿಟ್ಟುಕೊಟ್ಟಿತು. ಇನ್ನೊಂದು ಕಡೆ ಅಲೆಕ್ಸ್ ಕರೂಸೊ ಅವರನ್ನು ನೋಡು. 2016ರ ಡ್ರಾಫ್ಟ್‌ನಲ್ಲಿ 60 ಹೆಸರು ಕರೆದರೂ ಅವರ ಹೆಸರು ಬರಲಿಲ್ಲ. ಒಂದು ವರ್ಷ ಕೆಳಗಿನ ಲೀಗ್‌ನಲ್ಲಿ ಆಡಿ, 2017ರ ಸಮ್ಮರ್ ಲೀಗ್ ಮೂಲಕ ಲೇಕರ್ಸ್ ತಂಡದ ಟೂ-ವೇ ಕರಾರು ಪಡೆದರು. ಆಮೇಲೆ 2020ರಲ್ಲಿ ಲೇಕರ್ಸ್ ಜೊತೆ, 2025ರಲ್ಲಿ ಓಕ್ಲಹೋಮ ಸಿಟಿ ತಂಡದ ಜೊತೆ ಚಾಂಪಿಯನ್ ಆದರು. ಅದೇ ಓಕ್ಲಹೋಮ ತಂಡದ ಲೂ ಡಾರ್ಟ್ ಕೂಡ 2019ರಲ್ಲಿ ಯಾರೂ ಆರಿಸದೆ ಉಳಿದು, ಟೂ-ವೇ ಕರಾರಿನಿಂದಲೇ ಮೇಲೆ ಬಂದವರು. ಇವರಿಬ್ಬರಿಗೂ ಅನ್ನ ಕೊಟ್ಟಿದ್ದು ಎದುರಾಳಿಯನ್ನು ತಡೆಯುವ ವಿದ್ಯೆ. ಅಂಕಪಟ್ಟಿಯಲ್ಲಿ ಆ ವಿದ್ಯೆಗೆ ಸರಿಯಾದ ಕಾಲಂ ಇಲ್ಲ.

ಹಾಗಾಗಿ ನಾನು ಹೇಳುವ ಕ್ರಮ ಇಷ್ಟೇ. ಅಲ್ಲಿ ಪಂದ್ಯ 40 ನಿಮಿಷದ್ದು, ಹತ್ತು ಹತ್ತು ನಿಮಿಷದ ನಾಲ್ಕು ಭಾಗ. ಒಂದು ಭಾಗಕ್ಕೆ ಒಬ್ಬ ಹುಡುಗನನ್ನು ಆರಿಸಿಕೋ, ಆ ಹತ್ತು ನಿಮಿಷ ಚೆಂಡು ಎಲ್ಲಿದೆ ಎಂದು ನೋಡಲೇಬೇಡ. ಇದು ಹೇಳಿದಷ್ಟು ಸುಲಭವಲ್ಲ; ಕಣ್ಣು ಚೆಂಡಿನ ಹಿಂದೆ ಓಡುತ್ತದೆ, ಅದನ್ನು ಕರುವಿನಂತೆ ಹಗ್ಗ ಹಿಡಿದು ಎಳೆದು ತರಬೇಕು. ಸ್ಕ್ರೀನ್ ಬಂದಾಗ, ಅಂದರೆ ಎದುರಾಳಿಯೊಬ್ಬ ದಾರಿಗೆ ಅಡ್ಡ ನಿಂತಾಗ, ಅವನು ಮೈ ಸಣ್ಣದು ಮಾಡಿಕೊಂಡು ನುಸುಳುತ್ತಾನೋ, ಅಥವಾ ಗೋಡೆಗೆ ಡಿಕ್ಕಿ ಹೊಡೆದವನಂತೆ ಅಲ್ಲೇ ನಿಲ್ಲುತ್ತಾನೋ ನೋಡು. ಪಾಸ್ ಕೊಟ್ಟ ಮೇಲೆ ಜಾಗ ಬದಲಿಸುತ್ತಾನೋ, ನಿಂತು ನೋಡುತ್ತಾನೋ ನೋಡು. ಸಮ್ಮರ್ ಲೀಗ್‌ನಲ್ಲಿ ಎತ್ತರದ ಹುಡುಗರಿಗೆ ಒಂದು ಅನ್ಯಾಯ ಆಗುತ್ತದೆ. ಹತ್ತು ದಿನದ ಹಿಂದಷ್ಟೇ ಪರಿಚಯವಾದ ತಂಡ, ಪ್ರತಿಯೊಬ್ಬನಿಗೂ ತನ್ನ ಹೊಟ್ಟೆಪಾಡಿನ ಚಿಂತೆ. ಬುಟ್ಟಿಯ ಕೆಳಗೆ ಕೈ ಎತ್ತಿ ನಿಂತವನಿಗೆ ಯಾರೂ ಪಾಸ್ ಕೊಡುವುದಿಲ್ಲ. ಮೂರು ಸಲ ಇಡೀ ಅಂಕಣ ಓಡಿ ಬಂದು ಚೆಂಡು ಸಿಗದೆ ಹಿಂದಿರುಗಿದ ಹುಡುಗ ನಾಲ್ಕನೇ ಸಲವೂ ಅದೇ ವೇಗದಲ್ಲಿ ಓಡುತ್ತಾನೆಯೇ? ಓಡಿದರೆ ಅದನ್ನು ನಿಮಿಷದ ಸಮೇತ ಬರೆದುಕೋ.

ಎರಡು ವರ್ಷದ ಹಿಂದೆ ನಾನು ಅಲ್ಲಿಗೆ ಬಂದಾಗ ಥಾಮಸ್ ಅಂಡ್ ಮ್ಯಾಕ್ ಸೆಂಟರ್‌ನ ದೊಡ್ಡ ಅಂಗಳಕ್ಕಿಂತ ಅದರ ಪಕ್ಕದ ಕಾಕ್ಸ್ ಪೆವಿಲಿಯನ್ ನನಗೆ ಇಷ್ಟವಾಯಿತು. ಅದು ನಮ್ಮ ಒಳಾಂಗಣ ಕ್ರೀಡಾಂಗಣಗಳ ಹಾಗೆ ಚಿಕ್ಕದು. ಬೂಟು ಕಿರುಗುಟ್ಟುವುದು, ಆಟಗಾರರು ಏದುಸಿರು ಬಿಡುವುದು ಎಲ್ಲವೂ ಕೇಳಿಸುತ್ತದೆ. ನಿನಗೆ ನೆನಪಿದೆಯೇ, ನಮ್ಮ ಎದುರಿನ ಬೆಂಚಿನಲ್ಲಿ ಎರಡು ಬೆರಳಿಗೆ ಸೇರಿಸಿ ಬಿಳಿ ಪಟ್ಟಿ ಸುತ್ತಿಕೊಂಡಿದ್ದ ಒಬ್ಬ ಹುಡುಗ ಕೂತಿದ್ದ. ಮೂರು ನಿಮಿಷ ಆಡಿದ್ದ, ಚೆಂಡನ್ನು ಒಂದು ಸಲವೂ ಎಸೆದಿರಲಿಲ್ಲ. ವಾಪಸ್ ಬಂದು ಕೂತವನು ಟವೆಲ್ ತಲೆಗೆ ಹಾಕಿಕೊಳ್ಳಲಿಲ್ಲ. ತನ್ನ ಜಾಗಕ್ಕೆ ಹೋದ ಹುಡುಗನಿಗೆ, ಎದುರಾಳಿ ಪ್ರತಿ ಸಲ ಬಲಗೈಗೇ ತಿರುಗುತ್ತಾನೆ ಎಂದು ಕೈ ಮಾಡಿ ಮಾಡಿ ತೋರಿಸುತ್ತಿದ್ದ. ಅದನ್ನು ನನಗಿಂತ ಮೊದಲು ಗಮನಿಸಿದವಳು ನೀನು. ಆ ಕಣ್ಣು ನಿನಗಿದೆ ಎಂದು ನಾನು ಅಂದೇ ಅಪ್ಪನಿಗೆ ಹೇಳಿದ್ದೆ.

ಎಸೆತದ ಲೆಕ್ಕದಲ್ಲಿ ಮಾತ್ರ ಕಣ್ಣನ್ನು ಪೂರ್ತಿ ನಂಬಬೇಡ. ಒಂದು ತಂಡ ಅಲ್ಲಿ ಹೆಚ್ಚುಕಡಿಮೆ ಐದು ಪಂದ್ಯ ಆಡುತ್ತದೆ. ಹುಡುಗನೊಬ್ಬ ಪಂದ್ಯಕ್ಕೆ ನಾಲ್ಕರಂತೆ ದೂರದ ಗೆರೆಯಾಚೆಯಿಂದ ಒಟ್ಟು 20 ತ್ರೀ-ಪಾಯಿಂಟ್ ಎಸೆತ ಎಸೆದ ಎಂದಿಟ್ಟುಕೋ. ಎಂಟು ಬಿದ್ದರೆ ಶೇ. 40, ಎಲ್ಲರೂ ಅವನನ್ನು ಗುರಿಕಾರ ಎನ್ನುತ್ತಾರೆ. ಐದು ಬಿದ್ದರೆ ಶೇ. 25, ಕೈ ಇಲ್ಲ ಎನ್ನುತ್ತಾರೆ. ಈ ಎರಡು ಹಣೆಬರಹಗಳ ನಡುವೆ ಇರುವುದು ಉಂಗುರದ ಮೇಲೆ ಸುತ್ತಿ ಒಳಗೋ ಹೊರಗೋ ಬಿದ್ದ ಮೂರು ಚೆಂಡು. ಅದರ ಬದಲು ಅವನು ಕಾಲೇಜಿನಲ್ಲಿ ವರ್ಷಗಟ್ಟಲೆ ಎಸೆದ ನೂರಾರು ಎಸೆತಗಳ ಲೆಕ್ಕ ತೆಗೆ, ಅದಕ್ಕಿಂತ ಮುಖ್ಯವಾಗಿ ಫ್ರೀ ಥ್ರೋ ಲೆಕ್ಕ ತೆಗೆ. ಯಾರೂ ಅಡ್ಡ ಬರದೆ ಇರುವಾಗ ಕೈ ಎಷ್ಟು ಹದವಾಗಿದೆ ಎಂಬುದನ್ನು ಅದು ಹೇಳುತ್ತದೆ. ಅಂಗಳದಲ್ಲಿ ನೀನು ನೋಡಬೇಕಾದದ್ದು ಚೆಂಡು ಬಿತ್ತೇ ಎಂಬುದನ್ನಲ್ಲ. ಚೆಂಡು ಬರುವ ಮೊದಲೇ ಕಾಲು ಸಿದ್ಧವಾಗಿತ್ತೇ, ಎರಡು ತಪ್ಪಿದ ಮೇಲೆ ಮೂರನೆಯದನ್ನು ಹಿಂಜರಿಯದೆ ಎಸೆದನೇ ಎಂಬುದನ್ನು. ವಯಸ್ಸನ್ನೂ ಹೆಸರಿನ ಪಕ್ಕದಲ್ಲಿಯೇ ಬರೆದುಕೋ. ಹತ್ತೊಂಬತ್ತರ ಹುಡುಗ ತಡವರಿಸುವುದಕ್ಕೂ, ನಾಲ್ಕು ವರ್ಷ ಕಾಲೇಜು ಮುಗಿಸಿದ ಇಪ್ಪತ್ನಾಲ್ಕರ ಹುಡುಗ ಅವನ ಎದುರು ಮೆರೆಯುವುದಕ್ಕೂ ಒಂದೇ ತಕ್ಕಡಿ ಆಗದು.

ಅಳತೆಪಟ್ಟಿಯ ವಿಷಯ ಬಂದಾಗಲೆಲ್ಲ ನನಗೆ ಪಂಜಾಬಿನ ಸತ್ನಾಮ್ ಸಿಂಗ್ ನೆನಪಾಗುತ್ತಾರೆ. ಹದಿನಾಲ್ಕನೇ ವಯಸ್ಸಿಗೆ ಹಳ್ಳಿಯಿಂದ ಫ್ಲೋರಿಡಾದ ಅಕಾಡೆಮಿಗೆ ಹೋದ, ಏಳಡಿ ಎರಡಂಗುಲದ ಹುಡುಗ. 2015ರಲ್ಲಿ ಡಲ್ಲಾಸ್ ಮ್ಯಾವರಿಕ್ಸ್ ಅವರನ್ನು 52ನೆಯವರಾಗಿ ಆರಿಸಿದಾಗ, ಎನ್‌ಬಿಎ ಡ್ರಾಫ್ಟ್‌ನಲ್ಲಿ ಹೆಸರು ಬಂದ ಮೊದಲ ಭಾರತೀಯ ಎಂದು ನಾವೆಲ್ಲ ಕುಣಿದಾಡಿದೆವು. ನೀನು ಆ ಸುದ್ದಿಯ ಕಾಗದವನ್ನು ಕತ್ತರಿಸಿ ಬೀರುವಿಗೆ ಅಂಟಿಸಿದ್ದೆ. ಆದರೆ ಅವರು ಟೆಕ್ಸಸ್ ಲೆಜೆಂಡ್ಸ್ ಪರವಾಗಿ ಕೆಳಗಿನ ಲೀಗ್‌ನಲ್ಲಿ ಆಡಿದರೇ ಹೊರತು ಎನ್‌ಬಿಎ ಪಂದ್ಯ ಅವರ ಪಾಲಿಗೆ ಬರಲಿಲ್ಲ. ಅಷ್ಟರಲ್ಲಿ ಆಟವೇ ಬದಲಾಗಿತ್ತು. ಎತ್ತರದವನು ಬುಟ್ಟಿಯ ಕೆಳಗೆ ನಿಂತರೆ ಸಾಲದು, ಹೊರಗೆ ಬಂದು ಚೆಂಡು ನಡೆಸುವ ಚುರುಕು ಗಾರ್ಡ್‌ಗಳ ಎದುರು ಕಾಲಾಡಿಸಬೇಕು ಎಂಬ ಕಾಲ ಬಂದಿತ್ತು. ಕಾಲೇಜು ಆಟವನ್ನೂ ಆಡದೆ ನೇರವಾಗಿ ಡ್ರಾಫ್ಟ್‌ಗೆ ಬಂದವರಿಗೆ ಆ ಕಲಿಕೆಗೆ ಬೇಕಾದಷ್ಟು ಪಂದ್ಯಗಳು ಸಿಕ್ಕಿರಲಿಲ್ಲ ಎಂದೇ ನನ್ನ ಎಣಿಕೆ. ಅವರ ಶ್ರಮವನ್ನು ನಾನು ಕಡಿಮೆ ಎನ್ನಲಾರೆ. ಶಿಕಾಗೋದಲ್ಲಿ ಡ್ರಾಫ್ಟ್‌ಗೆ ಮೊದಲು ಎತ್ತರ, ತೋಳಿನ ಹರವು, ಜಿಗಿತ ಎಲ್ಲವನ್ನೂ ಅಳೆದು ಕೊಡುತ್ತಾರೆ; ಆ ಅಂಕಿಗಳು ನಿಜ. ಆದರೆ ಈ ಮೈ ಇವತ್ತಿನ ಆಟದಲ್ಲಿ ಯಾರನ್ನು ತಡೆಯಬಲ್ಲದು ಎಂಬ ಎರಡನೇ ಪ್ರಶ್ನೆಯನ್ನು ನೀನು ಕೇಳದಿದ್ದರೆ ಮೊದಲನೆಯ ಉತ್ತರ ಅರ್ಧ ಮಾತ್ರ.

ಈಗ ನನ್ನದೇ ತಪ್ಪೊಂದನ್ನು ಹೇಳುತ್ತೇನೆ. ನೀನು ಹುಟ್ಟುವ ಮೊದಲಿನ ಮಾತು. ವಿಶ್ವವಿದ್ಯಾಲಯದ ಮಹಿಳಾ ತಂಡಕ್ಕೆ ಹನ್ನೆರಡು ಮಂದಿಯನ್ನು ಆರಿಸಬೇಕಿತ್ತು. ಮಂಡ್ಯದ ಕಡೆಯ ಒಂದು ಕಾಲೇಜಿನಿಂದ ಬಂದ ಹುಡುಗಿ, ಎದೆಯ ಮೇಲಿನ ನಂಬರ್ 14, ಎರಡು ದಿನದ ಟ್ರಯಲ್ಸ್‌ನಲ್ಲಿ ಒಂದೇ ಒಂದು ಬುಟ್ಟಿ ಹಾಕಲಿಲ್ಲ. ಆದರೆ ಡಿಫೆನ್ಸ್‌ನಲ್ಲಿ ಹಿಂದೆ ನಿಂತಿದ್ದಷ್ಟು ಹೊತ್ತೂ, "ಎಡಕ್ಕೆ ಬಂದ್ಲು, ಎಡಕ್ಕೆ, ನೀನು ಹೋಗು, ಹಿಂದೆ ನಾನಿದೀನಿ" ಎಂದು ಜೊತೆಯವರಿಗೆ ಕೂಗಿ ಹೇಳುತ್ತಲೇ ಇದ್ದಳು. ಅದು ನನ್ನ ಕಿವಿಗೆ ಬಿದ್ದಿತ್ತು. ಪುಸ್ತಕದಲ್ಲಿ ಅವಳ ನಂಬರಿನ ಎದುರು "ಮಾತಾಡುತ್ತಾಳೆ" ಎಂದು ಬರೆದಿದ್ದೆ. ಸಂಜೆ ಪಟ್ಟಿ ಮಾಡಲು ಕೂತಾಗ ಉಳಿದ ಆಯ್ಕೆಗಾರರು ಅಂಕಗಳನ್ನು ಓದಿದರು, ನಾನೂ ತಲೆದೂಗಿ ಆ ಹೆಸರನ್ನು ಹೊಡೆದುಹಾಕಿದೆ. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡವಳು ನಾನು. ಆ ವರ್ಷ ನಮ್ಮ ತಂಡ ಅಂಕ ಗಳಿಸುವವರಿಂದ ತುಂಬಿತ್ತು, ಎದುರಾಳಿಗಳು ನಮ್ಮ ಮಧ್ಯದಿಂದ ಬಾಗಿಲು ತೆರೆದ ಮನೆಗೆ ನುಗ್ಗಿದಂತೆ ನುಗ್ಗಿದರು. ಮರುವರ್ಷದ ಟ್ರಯಲ್ಸ್‌ಗೆ ಆ ಹುಡುಗಿಯ ದಾರಿ ಕಾದೆ. ಬರಲಿಲ್ಲ. ಆಟ ಬಿಟ್ಟಳೆಂದು ಅವಳ ಕಾಲೇಜಿನವರು ಹೇಳಿದರು. ಆ ಪುಸ್ತಕ ಇಂದಿಗೂ ನನ್ನ ಬಳಿ ಇದೆ.

ಅದರಿಂದ ನಾನು ಕಲಿತ ಎರಡು ಅಭ್ಯಾಸಗಳನ್ನು ನಿನಗೆ ಒಪ್ಪಿಸುತ್ತೇನೆ. ಪಂದ್ಯ ಮುಗಿದ ತಕ್ಷಣ, ಯಾರೊಡನೆಯೂ ಮಾತಾಡುವ ಮೊದಲು, ಅಂಕಪಟ್ಟಿಯನ್ನು ನೋಡುವ ಮೊದಲು, ನಿನ್ನ ಅಭಿಪ್ರಾಯವನ್ನು ಬರೆದು ಮುಗಿಸು. ವೇಗಸ್‌ನಲ್ಲಿ ಹಿರಿಯರು, ಹೆಸರಾಂತ ಕೋಚ್‌ಗಳು ನಿನ್ನ ಪಕ್ಕದಲ್ಲಿಯೇ ಕೂತಿರುತ್ತಾರೆ. ಅವರ ಒಂದು ಉದ್ಗಾರಕ್ಕೆ ನಮ್ಮ ಕಣ್ಣು ಕಂಡದ್ದನ್ನು ನಾವೇ ಅಳಿಸಿಕೊಳ್ಳುತ್ತೇವೆ. ಎರಡನೆಯದು, ವರದಿಯಲ್ಲಿ ಗುಣವಾಚಕ ಬೇಡ, ಕಂಡದ್ದು ಬೇಕು. "ಸೋಮಾರಿ" ಎಂದು ಬರೆಯಬೇಡ; "ಎರಡನೇ ಭಾಗದಲ್ಲಿ ಮೂರು ಸಲ ಹಿಂದಿರುಗಿ ಓಡಲಿಲ್ಲ, ಆಗಲೇ ಏಳು ನಿಮಿಷ ಬಿಡುವಿಲ್ಲದೆ ಆಡಿದ್ದ" ಎಂದು ಬರೆ. ಮೊದಲನೆಯ ಮಾತನ್ನು ಆ ಹುಡುಗ ಹೇಗೂ ತಿದ್ದಿಕೊಳ್ಳಲಾರ, ನಿನ್ನ ಮೇಲಿನವರು ಹೇಗೂ ಪರೀಕ್ಷಿಸಲಾರರು.

ಇಷ್ಟೆಲ್ಲ ಹೇಳಿದರೂ, ನೀನು "ಬೇಡ" ಎಂದು ಬರೆಯಬೇಕಾದವರೇ ಹೆಚ್ಚು ಇರುತ್ತಾರೆ, ಅದಕ್ಕೆ ಅಂಜಬೇಡ. 2011ರಲ್ಲಿ ನಮ್ಮ ಪಕ್ಕದ ಕೇರಳದ ಗೀತು ಅನ್ನಾ ಜೋಸ್ ಅವರನ್ನು ಅಮೆರಿಕದ ಮಹಿಳೆಯರ ಲೀಗ್ ಆದ ಡಬ್ಲ್ಯುಎನ್‌ಬಿಎಯ ಮೂರು ತಂಡಗಳು ಪರೀಕ್ಷೆಗೆ ಕರೆದಿದ್ದವು. ಅಂಥ ಕರೆ ಪಡೆದ ಮೊದಲ ಭಾರತೀಯ ಮಹಿಳೆ ಅವರು. ಆಗ ಆ ಲೀಗ್‌ನಲ್ಲಿ ಇದ್ದದ್ದೇ 12 ತಂಡ, ಜಾಗ ಸಿಗಲಿಲ್ಲ. ಆದರೂ ಅವರ ಆಟದ ಬಗ್ಗೆ ನನಗಿದ್ದ ಗೌರವ ಒಂದು ಕೂದಲೆಳೆಯಷ್ಟೂ ಕಡಿಮೆಯಾಗಲಿಲ್ಲ, ಏಕೆಂದರೆ ಜಾಗವಿಲ್ಲದಿರುವುದು ಬೇರೆ, ಯೋಗ್ಯತೆ ಇಲ್ಲದಿರುವುದು ಬೇರೆ. ವೇಗಸ್‌ಗೆ ಯುರೋಪಿನ, ಏಷ್ಯಾದ ಕ್ಲಬ್ಬುಗಳವರೂ ಬಂದು ಕೂರುತ್ತಾರೆ. ನಿನ್ನ ತಂಡಕ್ಕೆ ಹೊಂದದ ಹುಡುಗ ಯಾವ ಬಗೆಯ ತಂಡಕ್ಕೆ ಹೊಂದುತ್ತಾನೆ ಎಂಬ ಒಂದು ಸಾಲನ್ನು ಪ್ರತಿ ವರದಿಯ ಕೆಳಗೂ ಸೇರಿಸು. ಅದನ್ನು ಯಾರೂ ನಿನ್ನಿಂದ ಕೇಳುವುದಿಲ್ಲ, ಆದರೂ ಸೇರಿಸು.

ಮೊದಲ ದಿನದ ಪಂದ್ಯಗಳಲ್ಲಿ ನೀನು ಯಾವುದಕ್ಕೆ ಕೂರುತ್ತೀಯ ಎಂದು ತಿಳಿಸು. ನಾನು ಇಲ್ಲಿ ನಸುಕಿನಲ್ಲಿ ಎದ್ದು ಅದೇ ಪಂದ್ಯವನ್ನು ನೋಡಿ, ಒಬ್ಬೊಬ್ಬರ ಎದುರು ನನಗೆ ಕಂಡದ್ದನ್ನು ಹಳೆಯ ಪುಸ್ತಕದ ಉಳಿದ ಹಾಳೆಗಳಲ್ಲಿ ಬರೆದಿಡುತ್ತೇನೆ. ನಿನ್ನದನ್ನು ನೀನು ಬರೆದು ಮುಗಿಸಿದ ಮೇಲೆಯೇ ಫೋನ್ ಮಾಡು.

ಇಂತಿ ನಿನ್ನ
ಅಮ್ಮ