ಎಂಜಿನ್ ರೂಮಿನವರನ್ನು ಯಾಕೆ ಬಿಟ್ಟಿರಿ?

ಸಂಪಾದಕರಿಗೆ ನಮಸ್ಕಾರ,

ಕಳೆದ ಭಾನುವಾರದ ಪುರವಣಿಯಲ್ಲಿ ನೇತಾಜಿಯವರ ಸಬ್‌ಮರೀನ್ ಪ್ರಯಾಣದ ಲೇಖನ ಓದಿದೆ. ಚೆನ್ನಾಗಿತ್ತು. 1943ರ ಫೆಬ್ರುವರಿಯಲ್ಲಿ ಜರ್ಮನಿಯ ಕೀಲ್ ಬಂದರಿನಿಂದ ಯು-180 ಅನ್ನೋ ಸಬ್‌ಮರೀನಿನಲ್ಲಿ ಹೊರಟಿದ್ದು, ಏಪ್ರಿಲ್ ಕೊನೆಗೆ ಮಡಗಾಸ್ಕರ್ ಕಡೆ ಜಪಾನಿನ ಐ-29ಕ್ಕೆ ದಾಟಿದ್ದು, ಎಲ್ಲ ಸರಿ. ಆದರೆ ಇಡೀ ಪುಟದಲ್ಲಿ ಕ್ಯಾಪ್ಟನ್ ಮುಳುಗಿಸಿದ, ಕ್ಯಾಪ್ಟನ್ ಮೇಲೆ ತಂದ, ಕ್ಯಾಪ್ಟನ್ ಓಡಿಸಿದ ಅಂತಲೇ ಇದೆ. ನಾನು ಸಕಲೇಶಪುರದಲ್ಲಿ ಡೀಸೆಲ್ ಪಂಪ್‌ಸೆಟ್ ರಿಪೇರಿ ಮಾಡುವವನು. ಓದಿ ಸ್ವಲ್ಪ ಉರಿಯಿತು.

ಮೊದಲನೇದು, ಆ ಹುದ್ದೆಗೆ ಜರ್ಮನರು ಹೇಳುತ್ತಿದ್ದದ್ದು ಕಮಾಂಡಂಟ್ ಅಂತ. ಯುದ್ಧದಲ್ಲಿ ಅವರ ಹತ್ತಿರ ಜಾಸ್ತಿ ಇದ್ದದ್ದು ‘ಟೈಪ್ 7’ ಅನ್ನೋ ಸಬ್‌ಮರೀನ್ ದೋಣಿಗಳು, ಒಂದೊಂದರಲ್ಲಿ 45-50 ಜನ, ಅದರಲ್ಲಿ ಆಫೀಸರುಗಳು ನಾಲ್ಕೇ ಜನ. ಕಮಾಂಡಂಟ್ ಸಾಮಾನ್ಯವಾಗಿ ಕ್ಯಾಪಿಟೇನ್‌ಲಾಯ್ಟ್‌ನಂಟ್ ದರ್ಜೆಯವನು, ಅಷ್ಟುದ್ದ ಯಾರು ಹೇಳ್ತಾರೆ, ಹುಡುಗರು ‘ಹೆರ್ ಕಾಲೊಯ್ನ್’ ಅಂತ ಮೊಟಕು ಮಾಡಿದ್ದರು. ಬೆನ್ನ ಹಿಂದೆ ‘ಡೆರ್ ಆಲ್ಟೆ’, ಅಂದರೆ ಮುದುಕ. ಎಷ್ಟೋ ಸಲ ಆ ಮುದುಕನಿಗೆ 30 ಕೂಡ ತುಂಬಿರುತ್ತಿರಲಿಲ್ಲ! ನಮ್ಮ ತೋಟಗಳಲ್ಲಿ ಮೀಸೆ ಚಿಗುರದ ಹುಡುಗನನ್ನೂ ಯಜಮಾನ್ರೇ ಅನ್ನೋದಿಲ್ವಾ, ಹಾಗೆ.

ಅವನ ಕೆಳಗೆ ಒಂದನೇ ವಾಚ್ ಆಫೀಸರ್, ಎರಡನೇ ವಾಚ್ ಆಫೀಸರ್, ಅಂದರೆ ಪಾಳಿ ನೋಡಿಕೊಳ್ಳುವವರು. ರಾತ್ರಿ ನೀರಿನ ಮೇಲಿದ್ದು ದಾಳಿ ಮಾಡುವಾಗ ಟಾರ್ಪಿಡೊ, ಅಂದರೆ ನೀರೊಳಗೆ ಓಡಿ ಹಡಗಿಗೆ ಬಡಿಯುವ ಬಾಂಬು, ಅದರ ಗುರಿ ಹಿಡಿಯುವುದು ಒಂದನೆಯವನ ಕೆಲಸ. ಫಿರಂಗಿ, ರೇಡಿಯೊ ಎರಡನೆಯವನದು. ಮೂರನೇ ಪಾಳಿ ಹೆಚ್ಚಾಗಿ ದಾರಿ ಲೆಕ್ಕ ಹಾಕುವ ಓಬರ್‌ಸ್ಟೊಯರ್‌ಮನ್‌ಗೆ ಬೀಳುತ್ತಿತ್ತು, ಪಾಪ ಅವನು ಆಫೀಸರೂ ಅಲ್ಲ. ಮೇಲಿನವನು ಹೋದರೆ ಕೆಳಗಿನವನು ನಿಲ್ಲಲೇಬೇಕು. 1943ರ ಅಕ್ಟೋಬರಿನಲ್ಲಿ ಯು-505ರ ಸುತ್ತ ನೀರೊಳಗೆ ಬಾಂಬು ಸಿಡಿಯುತ್ತಿರುವಾಗಲೇ ಕಮಾಂಡಂಟ್ ಪೀಟರ್ ಚೆಕ್ ತನಗೆ ತಾನೇ ಗುಂಡು ಹಾರಿಸಿಕೊಂಡ. ಒಂದನೇ ವಾಚ್ ಆಫೀಸರ್ ಪಾಲ್ ಮೇಯರ್ ದೋಣಿಯನ್ನು ಬಂದರಿಗೆ ತಂದ. ಮುಂದಿನ ವರ್ಷ ಅಮೆರಿಕದವರು ಆ ದೋಣಿಯನ್ನೇ ಹಿಡಿದರು, ಈಗಲೂ ಶಿಕಾಗೊದ ಮ್ಯೂಸಿಯಂನಲ್ಲಿದೆ.

ಈಗ ನಮ್ಮವನ ವಿಷಯ. ನಾಲ್ಕನೇ ಆಫೀಸರ್, ಮುಖ್ಯ ಎಂಜಿನಿಯರ್. ಎಲ್‌ಐ ಅಂತ ಕರೆಯುತ್ತಿದ್ದರು. ಮುಳುಗು ಅಂತ ಆರ್ಡರ್ ಕೊಡುವವನು ಕಮಾಂಡಂಟ್ ಇರಬಹುದು, ಮುಳುಗಿಸುತ್ತಿದ್ದವನು ಇವನು. ಅಲಾರಂ ಹೊಡೆದರೆ ಡೀಸೆಲ್ ನಿಲ್ಲಿಸಬೇಕು, ಗಾಳಿ ಒಳಗೆ ಬರುವ ದಾರಿ, ಹೊಗೆ ಹೋಗುವ ದಾರಿ ಎರಡನ್ನೂ ಮುಚ್ಚಬೇಕು, ಬ್ಯಾಟರಿ ಮೋಟರಿಗೆ ಬದಲಾಯಿಸಬೇಕು, ಟ್ಯಾಂಕಿಗೆ ನೀರು ಬಿಡಬೇಕು, ಕೈ ಖಾಲಿ ಇದ್ದವರೆಲ್ಲ ಭಾರಕ್ಕೆ ಅಂತ ಮೂತಿ ಕಡೆ ಓಡಬೇಕು, ಇಷ್ಟೂ ಸುಮಾರು ಅರ್ಧ ನಿಮಿಷದಲ್ಲಿ. ಒಂದು ವಾಲ್ವ್ ಮರೆತರೆ ಮುಗೀತು.

ನನಗೆ ತುಂಬ ಹಿಡಿಸಿದ್ದು ಅವನ ತೂಕದ ಲೆಕ್ಕ. ದಿನಾ ಮಾಡಬೇಕು. ಎಷ್ಟು ಆಲೂಗಡ್ಡೆ ತಿಂದು ಖಾಲಿಯಾಯಿತು, ಎಷ್ಟು ಎಣ್ಣೆ ಉರಿಯಿತು. ತಮಾಷೆ ನೋಡಿ, ಎಣ್ಣೆ ಖರ್ಚಾದಷ್ಟೂ ದೋಣಿ ಹಗುರ ಆಗೋದಿಲ್ಲ, ಭಾರವೇ ಆಗುತ್ತದೆ, ಯಾಕೆಂದರೆ ಟ್ಯಾಂಕಿನಲ್ಲಿ ಎಣ್ಣೆ ಇದ್ದ ಜಾಗಕ್ಕೆ ಅಡಿಯಿಂದ ಸಮುದ್ರದ ನೀರು ಬರುತ್ತದೆ, ನೀರು ಡೀಸೆಲ್‌ಗಿಂತ ತೂಕ. ಒಂದು ಟಾರ್ಪಿಡೊ ಒಂದೂವರೆ ಟನ್ನಿಗಿಂತ ಜಾಸ್ತಿ. ಅದು ಹೊರಗೆ ಹಾರಿದ ಕೂಡಲೇ ಮೂತಿ ಮೇಲೇಳುತ್ತದೆ, ಆ ಕ್ಷಣಕ್ಕೇ ನೀರು ತುಂಬಿಸಿ ಹಿಡಿದಿಡಬೇಕು. ಇಲ್ಲದಿದ್ದರೆ ದೋಣಿ ಶತ್ರುವಿನ ಕಣ್ಣೆದುರೇ ಮೇಲೆ ಬಂತು. ನೀರೊಳಗಿಂದ ಮೇಲೆ ನೋಡುವ ಕೊಳವೆ ಪೆರಿಸ್ಕೋಪಿನಲ್ಲಿ ಕಮಾಂಡಂಟ್ ಹಡಗು ನೋಡುತ್ತಿದ್ದರೆ ಆ ಕೊಳವೆಯ ತಲೆ ಮಾತ್ರ ನೀರಿನ ಮೇಲಿರುವ ಹಾಗೆ ನೋಡಿಕೊಳ್ಳುತ್ತಿದ್ದವನೂ ಇವನೇ. ಇಷ್ಟು ಮಾಡಿಯೂ ಎಂಜಿನಿಯರ್ ಸಾಲಿನವನಿಗೆ ಕಮಾಂಡಂಟ್ ಕುರ್ಚಿ ಸಿಗುತ್ತಿರಲಿಲ್ಲ, ಅದು ವಾಚ್ ಆಫೀಸರ್ ಸಾಲಿನವರಿಗೆ. ಹಿಟ್ಲರನ ಕೆಲಸಕ್ಕೆ ನಿಂತವರನ್ನು ನಾನು ಹೊಗಳುತ್ತಿಲ್ಲ, ಅವರು ಮುಳುಗಿಸಿದ ಸರಕು ಹಡಗುಗಳಲ್ಲಿ ಸತ್ತವರೂ ಕೂಲಿಯವರೇ. ಕೆಲಸದ ಮಾತು ಮಾತ್ರ ಹೇಳುತ್ತಿದ್ದೇನೆ.

ಹೋದ ಫೆಬ್ರುವರಿ ಒಂದು ಕಾಫಿ ತೋಟದಲ್ಲಿ ಹೂಮಳೆ, ಅಂದರೆ ಹೂ ಅರಳಿಸುವ ಮಳೆ, ಬರಲಿಲ್ಲ ಅಂತ ಸ್ಪ್ರಿಂಕ್ಲರ್ ಹೊಡೆಯುತ್ತಿದ್ದರು. ರಾತ್ರಿ ಎರಡಕ್ಕೆ ಎಂಜಿನ್ ನಿಂತಿತು. ಡೀಸೆಲ್ ಲೈನಿಗೆ ಏರ್ ಹಿಡಿದಿತ್ತು. ಕೆರೆ ಪಕ್ಕದ ಕೆಸರಲ್ಲಿ ಮಂಡಿಯೂರಿ, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು, ನಟ್ಟು ಸಡಿಲ ಮಾಡಿ, ಗುಳ್ಳೆ ನಿಲ್ಲುವ ತನಕ ಪಂಪ್ ಒತ್ತುತ್ತಾ ಕೂತೆ. ಎಂಟು-ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ ಹೂವಾಯಿತು. ಸಾಹುಕಾರ್ರು ಸರಿಯಾದ ಟೈಮಿಗೆ ನೀರು ಕೊಟ್ಟರು ಅಂತ ಊರೆಲ್ಲ ಮಾತು.

ಇನ್ನೊಂದು. ವಿಶಾಖಪಟ್ಟಣದ ಬೀಚಿನಲ್ಲಿ ನಮ್ಮ ನೌಕಾಪಡೆಯ ಹಳೇ ಸಬ್‌ಮರೀನ್ ಕುರ್ಸುರಾ ಮ್ಯೂಸಿಯಂ ಆಗಿ ನಿಂತಿದೆ. ಅದರ ಡೀಸೆಲ್ ರೂಮಿನಲ್ಲಿ ಮೂರು ಎಂಜಿನ್. ನಾನು ಅಲ್ಲೇ ನಿಂತುಬಿಟ್ಟೆ, ಮನೆಯವಳು ಕೈ ಹಿಡಿದು ಎಳೆದ ಮೇಲೆ ಹೊರಗೆ ಬಂದದ್ದು. ನೇತಾಜಿ ಹೋದ ಯು-180ರಲ್ಲಿ ಅಂಥವು ಆರು! ಬೇಗ ಓಡಲಿ ಅಂತ ಟಾರ್ಪಿಡೊ ಬೋಟುಗಳಿಗೆ ಮಾಡಿದ ಎಂಜಿನ್‌ಗಳನ್ನು ಕೂರಿಸಿದ್ದರು. ಸಿಕ್ಕಾಪಟ್ಟೆ ಹೊಗೆ, ಸಿಕ್ಕಾಪಟ್ಟೆ ಬಿಸಿ, ಆಮೇಲೆ ತೆಗೆದೇ ಹಾಕಿದರು. ಅಂಥವನ್ನು ಕಟ್ಟಿಕೊಂಡು ಆಫ್ರಿಕಾ ಸುತ್ತಿ ಬಂದಿದ್ದಾರೆ. ಮುಂದಿನ ಸಲ ಲೇಖನ ಹಾಕುವಾಗ ಟೋಪಿ ಹಾಕಿಕೊಂಡವರ ಫೋಟೊ ಜೊತೆ ಎಂಜಿನ್ ರೂಮಿನದೂ ಒಂದು ಹಾಕಿ.

– ಡೀಸೆಲ್ ಮೆಕ್ಯಾನಿಕ್, ಸಕಲೇಶಪುರ, ಹಾಸನ ಜಿಲ್ಲೆ