ಗೆಳೆಯನಿಗೊಂದು ಪತ್ರ: ಸೆನ್ಸರ್ ದೊಡ್ಡದೋ, ಲೆನ್ಸಿನ ಬಾಯಿ ದೊಡ್ಡದೋ

ಉಡುಪಿ

ಪ್ರಿಯ ಗೆಳೆಯಾ,

ಹೋದ ವಾರ ನೀನು ಕೇಳಿದ ಪ್ರಶ್ನೆಗೆ ಫೋನಿನಲ್ಲಿ ಸರಿಯಾಗಿ ಉತ್ತರ ಕೊಡಲು ನನ್ನಿಂದಾಗಲಿಲ್ಲ. ಕೈಯಲ್ಲಿರುವ ಎಪಿಎಸ್-ಸಿ ಕ್ಯಾಮೆರಾವನ್ನು, ಅಂದರೆ ಬೆಳಕು ಹಿಡಿಯುವ ಸೆನ್ಸರ್ ಚಿಕ್ಕದಿರುವುದನ್ನು, ಲೆನ್ಸುಗಳ ಸಮೇತ ಮಾರಿ ದೊಡ್ಡ ಸೆನ್ಸರಿನ ಫುಲ್ ಫ್ರೇಮಿಗೆ ಹೋಗಬೇಕೋ, ಇದರಲ್ಲೇ ಮುಂದುವರಿಯಬೇಕೋ ಎಂಬುದು ನಿನ್ನ ಪ್ರಶ್ನೆ. ಯಕ್ಷಗಾನದ ಚಿತ್ರ ತೆಗೆಯುವವರಿಗೆ ಫುಲ್ ಫ್ರೇಮ್ ಬೇಕೇ ಬೇಕು ಎಂದು ಮಂಗಳೂರಿನ ಅಂಗಡಿಯೊಂದರಲ್ಲಿ ನಿನಗೆ ಹೇಳಿದರಂತೆ. ಆ ಮಾತಿನಲ್ಲಿ ಅರ್ಧ ನಿಜವಿದೆ. ಉಳಿದರ್ಧಕ್ಕೆ ನೀನು ಅಷ್ಟು ದುಡ್ಡು ಸುರಿಯುವ ಮೊದಲು ಈ ಪತ್ರವನ್ನು ನಿಧಾನವಾಗಿ ಓದು, ಮಾರಾಯ.

ಮೊದಲಿಗೆ ಹೆಸರಿನ ಭ್ರಮೆಯನ್ನು ಬಿಡೋಣ. ಫುಲ್ ಎಂದರೆ ಪರಿಪೂರ್ಣ ಎಂದಲ್ಲ. ಜರ್ಮನಿಯ ಆಸ್ಕರ್ ಬಾರ್ನಾಕ್ ಎಂಬ ತಂತ್ರಜ್ಞ ಸಿನಿಮಾಕ್ಕೆ ಬಳಸುತ್ತಿದ್ದ 35 ಮಿಮೀ ಫಿಲ್ಮನ್ನು ಅಡ್ಡಲಾಗಿ ಓಡಿಸಿ, ಎರಡು ಸಿನಿಮಾ ಫ್ರೇಮುಗಳ ಜಾಗವನ್ನು ಒಂದು ಚಿತ್ರಕ್ಕೆ ಕೊಟ್ಟದ್ದರಿಂದ 36×24 ಮಿಮೀ ಎಂಬ ಈ ಫುಲ್ ಫ್ರೇಮ್ ಅಳತೆ ಹುಟ್ಟಿತು. 1925ರಲ್ಲಿ ಮಾರುಕಟ್ಟೆಗೆ ಬಂದ ಲೈಕಾ ಅದನ್ನು ಜಗತ್ತಿಗೆಲ್ಲ ಹಬ್ಬಿಸಿತು. ಆಗಿನ ದೊಡ್ಡ ಪ್ಲೇಟ್ ಕ್ಯಾಮೆರಾಗಳವರಿಗೆ ಇದೇ ತೀರಾ ಚಿಕ್ಕ ಅಳತೆಯಾಗಿತ್ತು. ನಿನ್ನ ಕ್ಯಾಮೆರಾದ ಸೆನ್ಸರ್ ಹೆಚ್ಚುಕಡಿಮೆ 23.5×15.6 ಮಿಮೀ, ಇನ್ನೂ ಚಿಕ್ಕ ಬಗೆಯಾದ ಮೈಕ್ರೋ ಫೋರ್ ಥರ್ಡ್ಸ್‌ನದು 17.3×13 ಮಿಮೀ. ವಿಸ್ತೀರ್ಣದ ಲೆಕ್ಕದಲ್ಲಿ ಫುಲ್ ಫ್ರೇಮ್ ನಿನ್ನದರ ಎರಡೂಕಾಲು ಪಟ್ಟಿಗಿಂತ ತುಸು ಹೆಚ್ಚು, ಮೈಕ್ರೋ ಫೋರ್ ಥರ್ಡ್ಸ್‌ನ ಸುಮಾರು ನಾಲ್ಕು ಪಟ್ಟು. ಅಪರ್ಚರ್ ಸಂಖ್ಯೆ (ಲೆನ್ಸು ಎಷ್ಟು ತೆರೆದಿದೆ ಎನ್ನುವ ಎಫ್ ಅಂಕಿ; ಅದು ಚಿಕ್ಕದಾದಷ್ಟೂ ಲೆನ್ಸು ಹೆಚ್ಚು ತೆರೆದಿರುತ್ತದೆ), ಶಟರ್ ವೇಗ ಎರಡೂ ಒಂದೇ ಇದ್ದಾಗ ದೊಡ್ಡ ಸೆನ್ಸರಿನ ಮೇಲೆ ಅಷ್ಟೇ ಪಟ್ಟು ಹೆಚ್ಚು ಬೆಳಕು ಬೀಳುತ್ತದೆ, ಆದ್ದರಿಂದ ಚಿತ್ರದಲ್ಲಿ ಕಾಳುಕಾಳು ಕಡಿಮೆಯಾಗುತ್ತದೆ. ಅಂಗಡಿಯವರು ಹೇಳಿದ ಅರ್ಧ ನಿಜ ಇದೇ.

ಉಳಿದರ್ಧವನ್ನು ನಾನು ಕಲಿತದ್ದು ಚೌಕಿಯಲ್ಲಿ, ವೇಷದವರು ಬಣ್ಣ ಹಚ್ಚಿಕೊಳ್ಳುವ ಜಾಗದಲ್ಲಿ. ಫುಲ್ ಫ್ರೇಮ್ ಕೊಂಡ ಮೊದಲ ವರ್ಷ ತೆಂಕುತಿಟ್ಟಿನ (ಯಕ್ಷಗಾನದ ತೆಂಕಣ ಶೈಲಿಯ) ಮೇಳವೊಂದರ ಚೌಕಿಯಲ್ಲಿ ಬಣ್ಣದ ವೇಷದವರ (ರಾಕ್ಷಸ ಪಾತ್ರದವರ) ಎದುರು ಒಂದೂವರೆ ಮೀಟರ್ ದೂರದಲ್ಲಿ ಕುಳಿತಿದ್ದೆ. ಅವರು ಕೈಗನ್ನಡಿ ಹಿಡಿದು, ಅಕ್ಕಿಹಿಟ್ಟಿನ ಚಿಟ್ಟಿಯನ್ನು ಕೆನ್ನೆಯ ಅಂಚಿನಿಂದ ಒಂದೊಂದೇ ಮುಳ್ಳಾಗಿ ಇಡುತ್ತಿದ್ದರು; ಒಂದು ಒಣಗುವಷ್ಟರಲ್ಲಿ ಇನ್ನೊಂದು ಅದರ ಪಕ್ಕದಲ್ಲಿ ಏಳುತ್ತಿತ್ತು. ಬೆಳಕೆಂದರೆ ತಲೆಯ ಮೇಲಿನ ಒಂದು ಬಲ್ಬು ಮಾತ್ರ. ನಾನು 85 ಮಿಮೀ ಲೆನ್ಸನ್ನು ಎಫ್/1.8ಕ್ಕೆ ತೆರೆದು ಒಂದೇ ಸಮನೆ ಕ್ಲಿಕ್ಕಿಸಿದೆ. ಮನೆಗೆ ಬಂದು ದೊಡ್ಡ ಪರದೆಯಲ್ಲಿ ನೋಡಿದರೆ ಕಣ್ಣಿನ ರೆಪ್ಪೆ ಎಣಿಸುವಷ್ಟು ಸ್ಪಷ್ಟ, ಚಿಟ್ಟಿಯ ಸಾಲು ಮಾತ್ರ ಹಿಟ್ಟು ಚೆಲ್ಲಿದಂತೆ ಮಸುಕು. ಆ ದೂರದಲ್ಲಿ, ಆ ಅಪರ್ಚರಿನಲ್ಲಿ, ಫೋಕಸ್ಸಿನ ಆಳ, ಅಂದರೆ ಹಿಂದುಮುಂದಾಗಿ ಸ್ಪಷ್ಟವಾಗಿ ಕಾಣುವ ಅಂತರ, ಮೂರು ಸೆಂಟಿಮೀಟರ್ ಮಾತ್ರ. ಆ ಚಿತ್ರಗಳನ್ನು ಇಂದಿಗೂ ಯಾರಿಗೂ ತೋರಿಸಿಲ್ಲ. ಆ ಕಲಾವಿದರ ಮೂರು ಗಂಟೆಯ ಶ್ರಮಕ್ಕೆ ಅದು ತಕ್ಕ ಗೌರವವಲ್ಲ ಎಂದು ನನಗೆ ಅನ್ನಿಸಿದೆ.

ಮರುವಾರ ಎಫ್/4ಕ್ಕೆ ಇಳಿಸಿ, ಬೆಳಕಿಗೆ ಸ್ಪಂದಿಸುವ ಮಟ್ಟವಾದ ಐಎಸ್‌ಒ 6400ಕ್ಕೆ ಏರಿಸಿ ತೆಗೆದಾಗ ಕಣ್ಣೂ ಚಿಟ್ಟಿಯೂ ಒಟ್ಟಿಗೆ ದಕ್ಕಿದವು. ಆದರೆ ಅದೇ ಚಿತ್ರವನ್ನು ನಿನ್ನ ಎಪಿಎಸ್-ಸಿಯಲ್ಲಿ 56 ಮಿಮೀ ಲೆನ್ಸಿನಿಂದ ಎಫ್/2.8ರಲ್ಲಿ, ಐಎಸ್‌ಒ 3200ರ ಒಳಗೆ, ಅದೇ ಶಟರ್ ವೇಗದಲ್ಲಿ ತೆಗೆಯಬಹುದಿತ್ತು. ಫೋಕಸ್ಸಿನ ಆಳವೂ ಅಷ್ಟೇ, ಕಾಳೂ ಹೆಚ್ಚುಕಡಿಮೆ ಅಷ್ಟೇ. ಕಾರಣವನ್ನು ಲೆಕ್ಕ ಹಾಕಿ ನೋಡು: ಲೆನ್ಸಿನ ಫೋಕಲ್ ದೂರವನ್ನು (ಅದರ ಹೆಸರಿನಲ್ಲಿರುವ ಮಿಮೀ ಅಂಕಿಯನ್ನು) ಅಪರ್ಚರ್ ಸಂಖ್ಯೆಯಿಂದ ಭಾಗಿಸಿದರೆ ಬೆಳಕು ಒಳಗೆ ಬರುವ ಬಾಯಿಯ ಅಗಲ ಸಿಗುತ್ತದೆ. 85ನ್ನು 4ರಿಂದ ಭಾಗಿಸಿದರೆ 21 ಮಿಮೀ, 56ನ್ನು 2.8ರಿಂದ ಭಾಗಿಸಿದರೆ 20 ಮಿಮೀ. ನಿಂತ ಜಾಗ, ಚಿತ್ರದ ಚೌಕಟ್ಟು, ಬಾಯಿಯ ಅಗಲ ಮತ್ತು ಶಟರ್ ವೇಗ ಒಂದೇ ಆಗಿದ್ದರೆ, ಹಿಂದೆ ಕುಳಿತ ಸೆನ್ಸರಿನ ಗಾತ್ರ ಚಿತ್ರವನ್ನು ಹೆಚ್ಚೇನೂ ಬದಲಿಸುವುದಿಲ್ಲ. ಚೌಕಿಯಲ್ಲಿ ಆಳ ಬೇಕೆಂದು ನಾವೇ ಬಾಯಿಯನ್ನು ಕಿರಿದು ಮಾಡಿದಾಗ, ದುಡ್ಡು ಕೊಟ್ಟು ಕೊಂಡ ಆ ಹೆಚ್ಚಿನ ವಿಸ್ತೀರ್ಣದ ಲಾಭ ಅಲ್ಲೇ ಕರಗಿಹೋಗುತ್ತದೆ.

ರಂಗಸ್ಥಳದ ಮಾತು ಬೇರೆ. ಪುಂಡುವೇಷದವರು (ಚುರುಕಿನ ಯುವ ವೀರರ ಪಾತ್ರದವರು) ಗಿರ್ರನೆ ಸುತ್ತಿ ಹಾರುವ ಧೀಂಗಿಣ ಹಾಕುವಾಗ ಸೆಕೆಂಡಿನ ಐನೂರನೇ ಒಂದು ಭಾಗದ ಶಟರ್ ಇಲ್ಲದೆ ಗೆಜ್ಜೆಕಾಲು ನಿಲ್ಲುವುದಿಲ್ಲ. ನಾವಿರುವುದು ಸಭೆಯ ಬದಿಯಲ್ಲಿ, ದೂರದಲ್ಲಿ, ಆದ್ದರಿಂದ ಆಳದ ಚಿಂತೆಯೂ ಅಷ್ಟಿಲ್ಲ. ಅಲ್ಲಿ 70-200 ಎಫ್/2.8 ಲೆನ್ಸನ್ನು ಪೂರ್ತಿ ತೆರೆದಿಟ್ಟರೆ 71 ಮಿಮೀ ಬಾಯಿಯ ಬೆಳಕಷ್ಟೂ ಫುಲ್ ಫ್ರೇಮಿಗೆ ಸಿಗುತ್ತದೆ. ಅದಕ್ಕೆ ಸಮನಾದ ಜೂಮ್ ಚಿಕ್ಕ ಸೆನ್ಸರಿಗೆ ಸಿಗುವುದು ಕಷ್ಟ. ಸಿಗ್ಮಾ ಕಂಪನಿ ಎಪಿಎಸ್-ಸಿಗೆಂದೇ 50-100 ಎಫ್/1.8 ಮಾಡಿತ್ತು. ಅದರ ತೂಕ ಸುಮಾರು ಒಂದೂವರೆ ಕಿಲೋ, ಅಂದರೆ ದೊಡ್ಡ 70-200ರ ತೂಕಕ್ಕೆ ಸಮ. ರಾತ್ರಿಯಿಡೀ ರಂಗಸ್ಥಳವನ್ನೇ ತೆಗೆಯುವವನಾದರೆ ಫುಲ್ ಫ್ರೇಮ್ ಕೊಳ್ಳುವುದು ಸರಿ ಎಂದು ನಾನು ಸಂಕೋಚವಿಲ್ಲದೆ ಹೇಳುತ್ತೇನೆ.

ಮಂಗಳೂರಿನ ತಣ್ಣೀರುಬಾವಿ ಕಡಲತೀರದ ಕಡೆಯ ಹಕ್ಕಿಗಳ ಬಗ್ಗೆಯೂ ನೀನು ಕೇಳಿದ್ದೆ. ಚಿಕ್ಕ ಸೆನ್ಸರಿನಲ್ಲಿ ಲೆನ್ಸು ಹಗುರ ಎನ್ನುವುದನ್ನು ಎಚ್ಚರಿಕೆಯಿಂದ ಒಪ್ಪಬೇಕು. ಮೈಕ್ರೋ ಫೋರ್ ಥರ್ಡ್ಸ್‌ನ 300 ಮಿಮೀ ಎಫ್/4 ಲೆನ್ಸು ಟ್ರೈಪಾಡ್ ಕಾಲರ್ ಬಿಟ್ಟರೆ ಒಂದೂಕಾಲು ಕಿಲೋ ತೂಗುತ್ತದೆ. ನೋಟದಲ್ಲಿ ಅದಕ್ಕೆ ಸಮನಾದ ಫುಲ್ ಫ್ರೇಮ್ 600 ಮಿಮೀ ಎಫ್/4 ಮೂರು ಕಿಲೋ ದಾಟುತ್ತದೆ. ಆದರೆ ಮೊದಲನೆಯದರ ಬಾಯಿ 75 ಮಿಮೀ, ಎರಡನೆಯದರದು 150 ಮಿಮೀ. ಹಗುರವಾದದ್ದು ಬಾಯಿ ಕಿರಿದಾದದ್ದರಿಂದ. ಕ್ಯಾನನ್ ಫುಲ್ ಫ್ರೇಮಿಗೇ ಮಾಡಿದ 600 ಮಿಮೀ ಎಫ್/11 ಒಂದು ಕಿಲೋಗಿಂತ ಕಡಿಮೆ ತೂಗುವುದು ಇದೇ ಕಾರಣಕ್ಕೆ. ಬೆಳಿಗ್ಗೆ ಏಳೂವರೆಯ ಬಿಸಿಲಿನಲ್ಲಿ ಗರುಡ ನೀರಿಗೆರಗುವ ಚಿತ್ರಕ್ಕೆ 75 ಮಿಮೀ ಸಾಕು. ಸ್ಕೂಟರಿನಲ್ಲಿ ಹೋಗುವ ನಿನಗೆ ಆ ಒಂದೂಮುಕ್ಕಾಲು ಕಿಲೋ ಉಳಿತಾಯ ದೊಡ್ಡದು.

ನಮ್ಮ ಕರಾವಳಿಯಲ್ಲಿ ಕ್ಯಾಮೆರಾ ಇಟ್ಟುಕೊಳ್ಳುವವರು ಮಳೆಗಾಲವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಒಂದು ಆಷಾಢದಲ್ಲಿ ಗೋದ್ರೇಜಿನಲ್ಲಿ ಚೀಲದೊಳಗೇ ಬಿಟ್ಟಿದ್ದ ನನ್ನ ದೊಡ್ಡ ಲೆನ್ಸನ್ನು ತಿಂಗಳೊಂದರ ಬಳಿಕ ಬೆಳಕಿಗೆ ಹಿಡಿದಾಗ, ಒಳಗಿನ ಗಾಜಿನ ಅಂಚಿನಲ್ಲಿ ಜೇಡರ ಬಲೆಯಂತೆ ಫಂಗಸ್ ಕವಲೊಡೆದಿತ್ತು. ಬಿಚ್ಚಿ ತೊಳೆಸಿದರೂ ಗಾಜಿನ ಲೇಪನ ಮೊದಲಿನಂತಾಗಲಿಲ್ಲ. ಆದ್ದರಿಂದ ಎಷ್ಟು ಲೆನ್ಸು ಕೊಳ್ಳಬೇಕೆಂದು ಯೋಚಿಸುವಾಗ, ಎಷ್ಟನ್ನು ತೇವವಿಲ್ಲದ ಡ್ರೈ ಕ್ಯಾಬಿನೆಟ್ಟಿನಲ್ಲಿಟ್ಟು ಕಾಪಾಡಬಲ್ಲೆ ಎಂಬುದನ್ನೂ ಯೋಚಿಸು. ಹೊಸ ಕ್ಯಾಮೆರಾ ಬಾಡಿಗಿಂತ ಮೊದಲು ಆ ಕಪಾಟು ನಿನ್ನ ಮನೆಗೆ ಬರಲಿ.

ಇನ್ನೊಂದು ವಿಷಯ. ಈಗಿನ ಲೆನ್ಸುಗಳನ್ನೇ ಫುಲ್ ಫ್ರೇಮ್ ಬಾಡಿಗೆ ಹಾಕಿ ದಿನ ದೂಡುತ್ತೇನೆ ಎಂದುಕೊಳ್ಳಬೇಡ. ಎಪಿಎಸ್-ಸಿ ಲೆನ್ಸು ಹಾಕಿದರೆ ಆ ಬಾಡಿ ಸೆನ್ಸರಿನ ನಡುಭಾಗವನ್ನಷ್ಟೇ ಬಳಸುತ್ತದೆ. 24 ಮೆಗಾಪಿಕ್ಸೆಲಿನಲ್ಲಿ ಉಳಿಯುವುದು ಹತ್ತು, ಹತ್ತೂವರೆ.

ನಿರ್ಧಾರಕ್ಕೆ ಮೊದಲು ಒಂದು ಕೆಲಸ ಮಾಡು. ಮೇಳಗಳ ಕಳೆದ ತಿರುಗಾಟದಲ್ಲಿ, ಅದು ಮುಗಿಯುವ ಪತ್ತನಾಜೆಯವರೆಗೆ ನೀನು ತೆಗೆದ ಚಿತ್ರಗಳಲ್ಲಿ ನಿನಗೆ ತೀರಾ ಇಷ್ಟವಾದ ನೂರನ್ನು ಆರಿಸಿ, ಪ್ರತಿಯೊಂದರ ಅಪರ್ಚರ್ ಎಷ್ಟಿತ್ತೆಂದು ಬರೆದಿಡು. ಹೆಚ್ಚಿನವು ರಂಗಸ್ಥಳದವೇ ಆಗಿದ್ದು, ಲೆನ್ಸು ತೆರೆಯುವಷ್ಟು ತೆರೆದರೂ ಬೆಳಕು ಸಾಲದೆ ಬಂದಿದ್ದರೆ ಫುಲ್ ಫ್ರೇಮ್ ತೆಗೆದುಕೋ. ಚೌಕಿಯವೂ ಹಕ್ಕಿಯವೂ ಹೆಚ್ಚಿದ್ದರೆ ಈಗಿನ ಬಾಡಿಯನ್ನೇ ಇಟ್ಟುಕೊಂಡು 56 ಮಿಮೀ ಆಸುಪಾಸಿನ, ಎಫ್/1.4ರ ಒಂದು ಲೆನ್ಸು ಕೊಳ್ಳು. ನಿನ್ನ ಚಿತ್ರಗಳನ್ನು ನೋಡಿದ ಮಟ್ಟಿಗೆ ನೀನು ಚೌಕಿಯವನು ಎಂದು ನನ್ನ ನಂಬಿಕೆ. ಕಿರೀಟ ಕಟ್ಟುವ ಕೈಗಳನ್ನು ನಿನ್ನಷ್ಟು ತಾಳ್ಮೆಯಿಂದ ನೋಡುವವರನ್ನು ನಾನು ಹೆಚ್ಚು ಕಂಡಿಲ್ಲ.

ಪಟ್ಟಿ ಮಾಡಿ ಮುಗಿದ ಮೇಲೆ ಕಳುಹಿಸು. ಮುಂದಿನ ಶನಿವಾರ ನಾನು ಮಂಗಳೂರಿಗೆ ಬರುವವನಿದ್ದೇನೆ, ನನ್ನ ಫುಲ್ ಫ್ರೇಮ್ ಬಾಡಿಯನ್ನೂ 85ನ್ನೂ ತರುತ್ತೇನೆ. ರಾತ್ರಿ ಆಟಕ್ಕೆ ಒಟ್ಟಿಗೆ ಹೋಗಿ, ಒಂದೇ ಜಾಗದಲ್ಲಿ ಕುಳಿತು ಎರಡರಲ್ಲೂ ತೆಗೆದು ನೋಡೋಣ.

ಇಂತಿ ನಿನ್ನ,
ಗೆಳೆಯ